ಮಾಕುಟ್ಟ ಮಾರ್ಗದ ಟ್ರಾಂ

ಅವತ್ತು ನಮ್ಮ ಪಡಸಾಲೆಯಲ್ಲಿ ಇದ್ದವರು ಇಷ್ಟು ಜನ. ಗೋಡೆಗೆ ಒರಗಿ ಕಾಲು ನೀಡಿಕೊಂಡಿದ್ದ ಅಜ್ಜಿ, ಅಂದರೆ ನನ್ನ ಮಾವನ ತಾಯಿ. ಮನೆಗೆಲ್ಲ ಒಂದೇ ಒಂದಿದ್ದ ಕುರ್ಚಿಯ ಮೇಲೆ ಮಾವ. ಎದುರಿಗೆ ಚಾಪೆಯ ಮೇಲೆ ಅವರ ತಮ್ಮ. ವಿರಾಜಪೇಟೆಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮಾಡುತ್ತಿದ್ದುದರಿಂದ ಅವರ ಹೆತ್ತ ತಾಯಿಯೂ ಅವರನ್ನು ರೈಟರ್ ಎಂದೇ ಕರೆಯುತ್ತಿದ್ದಳು. ಅಡುಗೆಮನೆಯ ಬಾಗಿಲ ಹಿಂದೆ ಅತ್ತೆ, ಅತ್ತೆಯ ಹಿಂದೆ ಆ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ನಾನು, ನನ್ನ ಹಿಂದೆ ನಾದಿನಿ. ನಡೆಯುತ್ತಿದ್ದುದು ಅವಳ ಮದುವೆಯ ಮಾತಾದ್ದರಿಂದ ಎಲ್ಲರಿಗಿಂತ ಹಿಂದೆ ನಿಲ್ಲಬೇಕಾದವಳು ಅವಳೇ. ನಮ್ಮನೆಯವರು ಗದ್ದೆಗೆ ಹೋಗಿದ್ದರು. ಮನೆಯಲ್ಲಿ ಏನೇ ಮುಖ್ಯವಾದದ್ದು ನಡೆಯಲಿ, ಅವರು ಗದ್ದೆಯಲ್ಲೇ ಇರುತ್ತಿದ್ದರು. ಈ ಎಲ್ಲರ ನಡುವೆ, ತಟ್ಟೆಯಲ್ಲಿ, ವೀಳ್ಯದೆಲೆಯ ಪಕ್ಕಕ್ಕೆ ಒಂದು ಫೋಟೋ ಇತ್ತು.

ಕೊಡಗು ಆಗ ಒಂದು ರಾಜ್ಯ. ಮಡಿಕೇರಿಯಲ್ಲಿ ನಮ್ಮದೇ ಮಂತ್ರಿಗಳು, ನಮ್ಮದೇ ವಿಧಾನಸಭೆ. ನಮ್ಮೂರು ಶಿರಂಗಾಲದಲ್ಲಿ ಹೊಳೆಯ ಆಚೆ ದಡದಲ್ಲಿ ಮೇಯುವ ಎಮ್ಮೆ ಮೈಸೂರು ರಾಜ್ಯದ್ದು. ಅದೇ ಎಮ್ಮೆ ಈಜಿಕೊಂಡು ಈಚೆ ಬಂದರೆ ಕೊಡಗು ರಾಜ್ಯದ್ದು. ಇಷ್ಟೆಲ್ಲ ವೈಭವವಿದ್ದ ರಾಜ್ಯದಲ್ಲಿ ರೈಲು ಹಳಿ ಮಾತ್ರ ಒಂದು ಗೇಣೂ ಇರಲಿಲ್ಲ. ಇಲ್ಲದ್ದರಿಂದಲೇ ಇರಬೇಕು, ರೈಲಿನ ವಿಷಯ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಅವರೆಲ್ಲರಿಗಿಂತ ಹೆಚ್ಚು ಗೊತ್ತಿದ್ದವರು ನನ್ನ ಮಾವ. ಅವರು ಯಾವಾಗಲೋ ದಸರೆಗೆಂದು ಹೋದವರು ಮೈಸೂರಿನಿಂದ ನಂಜನಗೂಡಿಗೆ ರೈಲು ಹತ್ತಿದ್ದರು. ಹತ್ತಿ, ಇಳಿದು, ಸ್ವಾಮಿ ದರ್ಶನ ಮಾಡಿಕೊಂಡು ಬಂದಿದ್ದರು. ಅಲ್ಲಿಂದೀಚೆಗೆ ಹಳಿಯ ಮೇಲೆ ಓಡುವ ಯಾವ ವಸ್ತುವಿನ ಬಗ್ಗೆಯೂ ಊರಿನಲ್ಲಿ ಕೊನೆಯ ಮಾತು ಅವರದೇ.

ರೈಟರು ಎಲೆಗೆ ಸುಣ್ಣ ಹಚ್ಚುತ್ತ ಗಂಡಿನ ವಿವರ ಹೇಳಿದರು. ಕಾಫಿ ಪಿಕ್ಕಿಂಗ್ ಮುಗಿದು ಅವರಿಗೆ ಬಿಡುವು ಸಿಕ್ಕ ಕಾಲ.

"ನಮ್ ಕಡೆಯವ್ರೇ ಕಣಣ್ಣ. ಪಿರಿಯಾಪಟ್ಟಣದ ಕಡೆಯಿಂದ ಬಂದು ವಿರಾಜಪೇಟೆ ತಾವ ಜಮೀನು ಮಾಡ್ಕಂಡವ್ರೆ. ಹುಡುಗ ಒಳ್ಳೇವ್ನು. ಲೈನ್‌ನಲ್ಲಿ ಅವ್ನೆ."

ಅಜ್ಜಿ ನೀಡಿದ್ದ ಕಾಲನ್ನು ಸರಕ್ಕನೆ ಎಳೆದುಕೊಂಡಳು. ಎಸ್ಟೇಟಿನ ಮಾತಿನಲ್ಲಿ ಲೈನ್ ಎಂದರೆ ಕೂಲಿಯವರು ಇರುವ ಸಾಲುಮನೆ. ಅಜ್ಜಿಗೆ ಗೊತ್ತಿದ್ದ ಲೈನು ಅದೊಂದೇ.

"ಏನಂದ್ಯಲಾ ರೈಟ್ರೇ? ಲೈನ್‌ನಲ್ಲಿರೋನ್ಗೆ ನನ್ ಮೊಮ್ಮಗಳ್ನ ಕೊಡ್ಬೇಕಾ? ಅವ್ಳಿಗೇನು ಕಣ್ಣಿಲ್ವಾ, ಕಾಲಿಲ್ವಾ?"

"ಆ ಲೈನ್ ಅಲ್ಲ ಕಣವ್ವ. ಇದು ಗಾಡಿ ಲೈನು."

ಅಷ್ಟು ಹೊತ್ತಿಗೆ ಮಾವ ಫೋಟೋವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಿದ್ದರು. ಅದರಲ್ಲಿ ಒಂದು ದೊಡ್ಡ ಪಟ್ಟಣದ ಬೀದಿ. ಎರಡೂ ಕಡೆ ಮಹಡಿ ಮನೆಗಳು, ದೀಪದ ಕಂಬ, ನೆಲದಲ್ಲಿ ಹಳಿ. ಹಳಿಯ ಮೇಲೆ ಉದ್ದನೆಯ ಒಂದು ಗಾಡಿ, ಅದರ ನೆತ್ತಿಯಿಂದ ಒಂದು ಕೋಲು ಮೇಲಕ್ಕೆದ್ದು ತಂತಿಗೆ ತಗುಲಿಕೊಂಡಿದೆ. ಗಾಡಿಯ ಮುಂದೆ, ಎಡಗಡೆಗೆ, ಕೋಟು ತೊಟ್ಟು ಛತ್ರಿ ಊರಿಕೊಂಡು ನಿಂತ ಯುವಕ.

"ಗಾಡಿ!" ಎಂದರು ಮಾವ. "ಬರೀ ಗಾಡಿ ಅಂತೀಯಲ್ಲೋ, ಕಾಣಾಕಿಲ್ವಾ? ಟ್ರಾಂ ಇದು. ಹುಡುಗ ಟ್ರಾಂ ಲೈನ್‌ನಲ್ಲಿ ಅವ್ನೆ!"

ರೈಟರು ಬಾಯಿ ತೆರೆದರು. ಆದರೆ ಅಣ್ಣ ಮಾತಾಡುವಾಗ ತಮ್ಮ ತೆರೆದ ಬಾಯಿಗೆ ಎಲೆ ಹಾಕಿಕೊಳ್ಳುವುದು ಆ ಮನೆಯ ಪದ್ಧತಿ. ಹಾಗೇ ಮಾಡಿದರು.

"ಎಲ್ಲಾಯ್ತು ಈ ಊರು? ದೂರಾನಾ?" ಮಾವ ಕೇಳಿದರು.

"ದೂರಾನೇ ಅಣ್ಣ. ಘಾಟಿ ಇಳ್ದು ಹೋಗ್ಬೇಕು."

"ಸಮುದ್ರ ಐತಾ?"

"ಐತೆ. ಊರಿಗೆ ಅಂಟ್ಕಂಡಂಗೇ ಐತೆ."

"ಮದ್ರಾಸು!" ಮಾವ ತೊಡೆ ತಟ್ಟಿದರು. "ನೋಡಿದ ತಕ್ಷಣ ಅಂದ್ಕಂಡೆ."

ರೈಟರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅತ್ತೆ ಕಳಿಸಿದ ಕಾಫಿ ಕುಡಿದರು. ಅವರ ಬಾಯಿಂದ ಅವತ್ತು ಒಂದು ಸುಳ್ಳೂ ಬಂದಿರಲಿಲ್ಲ ಎಂಬುದನ್ನು ಅವರು ಆಮೇಲೆ ಎಷ್ಟೋ ಸಲ ನೆನಪಿಸಿದರು. ನಿಜವೇ. ಸುಳ್ಳಿನ ಕೆಲಸವನ್ನೆಲ್ಲ ನಾವೇ ಮಾಡಿಕೊಂಡಿದ್ದೆವು.

ಆಮೇಲೆ ಫೋಟೋದ ಪಾಠ ಶುರುವಾಯಿತು. ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು, "ಅದ್ಯಾಕ್ಲಾ ಬೀದಿ ಮಧ್ಯ ಬಟ್ಟೆ ಒಣಗಾಕೋ ತಂತಿ ಕಟ್ಟವ್ರೆ?"

"ಅದು ಟೆಲಿಗ್ರಾಂ ತಂತಿ ಕಣವ್ವ. ಟ್ರಾಂ ಹೋಯ್ತಾ ಹೋಯ್ತಾನೇ ಮುಂದಿನ ಸ್ಟೇಷನ್‌ಗೆ, ನಾನು ಬತ್ತಾ ಇವ್ನಿ ಅಂತ ಟೆಲಿಗ್ರಾಂ ಕೊಡ್ತದೆ. ನಂಜನಗೂಡಲ್ಲೂ ಹಂಗೇಯ."

"ಮತ್ತೆ ಗಾಡಿ ನೆತ್ತಿ ಮೇಲೆ ಅದೇನು?"

ಗಾಡಿಯ ನೆತ್ತಿಯ ಮೇಲೆ ಬಾಳೆಗೊನೆಗಳಿದ್ದವು. ಸರಿಯಾಗಿ ಕಾಣುತ್ತಿದ್ದವು, ಹಗ್ಗ ಹಾಕಿ ಬಿಗಿದಂತೆ. ಮಾವ ಫೋಟೋವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ನಂಜನಗೂಡಿನ ಅನುಭವಕ್ಕೂ ಅಷ್ಟು ದೂರ ಎಟುಕಿರಲಿಲ್ಲ.

"ಬಾಳೆಗೊನೆ," ಎಂದರು ಕೊನೆಗೆ. "ಅಷ್ಟು ದೊಡ್ಡ ಪಟ್ಟಣ, ಜನ ತಿನ್ಬೇಕಲ್ಲ? ಟ್ರಾಂ ಮೇಲೆ ಹಾಕಿ ಮನೆಮನೆಗೆ ಕಳಿಸ್ತಾರೆ."

ಅಜ್ಜಿ ಮದ್ರಾಸಿನವರ ವ್ಯವಸ್ಥೆಯನ್ನು ಮೆಚ್ಚಿ ತಲೆದೂಗಿದಳು.

ಅವತ್ತಿನಿಂದ ಆ ಫೋಟೋ ಮನೆಯಲ್ಲಿ ನಿಲ್ಲಲಿಲ್ಲ. ಮಾವ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದರು. ಸಂತೆಗೆ ಫ್ರೇಸರ್‌ಪೇಟೆಗೆ ಹೋದರೆ (ಕುಶಾಲನಗರಕ್ಕೆ ಆಗ ಅದೇ ಹೆಸರು) ಅಲ್ಲಿಯ ಹೋಟೆಲಿನ ಬೆಂಚಿನ ಮೇಲೂ ಅದು ಕೈಯಿಂದ ಕೈಗೆ ಹೋಯಿತು. "ಅಳಿಯ ಮದ್ರಾಸ್ ಟ್ರಾಂನಲ್ಲಿ," ಎನ್ನುತ್ತಿದ್ದರು. ಯಾವ ಕೆಲಸ ಎಂದು ಕೇಳಿದವರಿಗೆ, "ಫೋಟೋದಲ್ಲಿ ಕಾಣ್ಸಲ್ವಾ? ಟ್ರಾಂ ಮುಂದೆ ನಿಂತವ್ನೆ. ಹಿಂದೆ ನಿಂತಿದ್ರೆ ಚಿಕ್ಕ ಕೆಲಸ," ಎಂದು ಬಿಡಿಸಿ ಹೇಳುತ್ತಿದ್ದರು. ಗಂಡು ಇನ್ನೂ ಹೆಣ್ಣು ನೋಡಿರಲಿಲ್ಲ, ಹೆಣ್ಣನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಊರಿನ ಲೆಕ್ಕದಲ್ಲಿ ಆಗಲೇ ಬೀಗತನ ಮುಗಿದಿತ್ತು.

ಹೆಣ್ಣನ್ನು ಕೇಳಬೇಕಾದ ಕಾರಣ ಇತ್ತು. ನಾದಿನಿ ಅದಕ್ಕೆ ಮೊದಲು ಎರಡು ಸಂಬಂಧ ಬೇಡ ಎಂದಿದ್ದಳು. ಒಬ್ಬ ಬಂದವನು ಅವಳಿಗಿಂತ ಮುಂಚೆ ಕೊಟ್ಟಿಗೆ ನೋಡಿ, ಹಸು ಎಷ್ಟು ಹಾಲು ಕರೆಯುತ್ತದೆ ಎಂದು ವಿಚಾರಿಸಿದ್ದ. "ಅವ್ರು ಹಸೂನೇ ಕಟ್ಕಳ್ಳಿ," ಎಂದು ಅವಳು ಕಾಫಿ ಲೋಟವನ್ನು ಕೆಳಗಿಟ್ಟುಬಿಟ್ಟಳು. ಇನ್ನೊಬ್ಬನ ವಿಷಯ ಹೇಳುವಷ್ಟೂ ಇಲ್ಲ. ಇನ್ನೊಂದು ಸಲ ಬೇಡ ಎಂದರೆ ಹೊಳೆಯ ಆಚೆಗಿನ ಸೋದರತ್ತೆಯ ಮಗನಿಗೆ ಕಟ್ಟಿಬಿಡುವುದು ಎಂದು ಮಾವ ಹೇಳಿಯೂ ಇದ್ದರು. ಆ ಸೋದರತ್ತೆಯ ಮಗ ಒಂದೇ ತಮಾಷೆಯನ್ನು ಪ್ರತಿ ಹಬ್ಬಕ್ಕೂ ಹೇಳಿ ತಾನೇ ನಗುವವನು.

ಒಂದು ಮಧ್ಯಾಹ್ನ ಮಾವ ಮಲಗಿದಾಗ ನಾದಿನಿ ಅವರ ಜೇಬಿನಿಂದ ಫೋಟೋ ಎತ್ತಿಕೊಂಡು ಹಿತ್ತಲಿಗೆ ಬಂದಳು. ನಾನು ರಾಗಿ ಕೇರುತ್ತಿದ್ದೆ.

"ಅತ್ತಿಗೆಮ್ಮ, ಇಲ್ಲಿ ನೋಡಿ. ಇವ್ರು ನಗು ತಡ್ಕಂಡು ನಿಂತವ್ರೆ."

ನೋಡಿದೆ. ಹೌದು. ಕೋಟು ದೊಡ್ಡದಾಗಿತ್ತು, ತೋಳು ಬೆರಳಿನ ತನಕ ಇಳಿದಿತ್ತು. ಆದರೆ ತುಟಿಯ ಒಂದು ಕೊನೆಯಲ್ಲಿ ಮಾತ್ರ ನಗು ಈಗಲೋ ಆಗಲೋ ಎಂಬಂತೆ ನಿಂತಿತ್ತು.

"ಬೆನ್ನ ಹಿಂದೆ ಅಷ್ಟು ದೊಡ್ಡ ಗಾಡಿ ಬತ್ತಾ ಇದ್ರೂ ತಿರುಗಿ ನೋಡ್ತಿಲ್ಲ ನೋಡಿ," ಎಂದಳು. "ಭಯಾನೇ ಇಲ್ವೇನೋ."

ಊರೆಲ್ಲ ಟ್ರಾಂ ನೋಡಿತ್ತು. ಮನುಷ್ಯನನ್ನು ನೋಡಿದವಳು ಅವಳೊಬ್ಬಳೇ. ಅಲ್ಲೇ ಹಿತ್ತಲಿನಲ್ಲಿ, ಮೊರದ ಮುಂದೆ, ನಿಜವಾದ ಮದುವೆ ಮುಗಿದುಹೋಯಿತು ಎಂದು ನನಗೆ ಗೊತ್ತಾಯಿತು. ಇನ್ನು ಉಳಿದದ್ದು ಮಾವ ಒಪ್ಪುವುದು, ಅವರಂತೂ ಒಪ್ಪಿ ಕುಣಿಯುತ್ತಿದ್ದಾರೆ ಎಂದುಕೊಂಡೆ.

ಗಂಡಿನ ಕಡೆಯವರು ಹುಡುಗಿಯ ಫೋಟೋ ಒಂದು ಬೇಕೆಂದು ಹೇಳಿ ಕಳಿಸಿದರು. ರೈಟರು, ಫ್ರೇಸರ್‌ಪೇಟೆಯಲ್ಲೇ ತೆಗೆಸಿ ಕೊಡಿ, ನಾನು ಮುಟ್ಟಿಸುತ್ತೇನೆ ಎಂದರು. ಮಾವ ಕೇಳಲಿಲ್ಲ. "ಬೀಗರು ವಿರಾಜಪೇಟೆಯವ್ರು. ಅವ್ರೂರ ಸ್ಟುಡಿಯೋದಲ್ಲೇ ತೆಗಿಸ್ಬೇಕು, ಮರ್ಯಾದೆ," ಎಂದರು. ಮಡಿಕೇರಿಯಾದರೂ ಆಗಬಹುದು ಎಂದರು ರೈಟರು. ತಮ್ಮನಿಗೆ ಮರ್ಯಾದೆಯ ವಿಷಯ ತಿಳಿಯುವುದಿಲ್ಲ ಎಂದರು ಮಾವ.

ಹಾಗೆ ನಾವು ಮೂವರು, ಮಾವ, ನಾದಿನಿ, ಅವಳ ಜೊತೆಗೆಂದು ನಾನು, ಬಸ್ಸು ಹತ್ತಿ ವಿರಾಜಪೇಟೆಗೆ ಹೋದೆವು. ಅಂಗಡಿ ಸಾಲು, ಮೆಣಸಿನ ಮೂಟೆ, ನಾಲ್ಕು ಭಾಷೆಯಲ್ಲಿ ಏಕಕಾಲಕ್ಕೆ ನಡೆಯುವ ಚೌಕಾಸಿ. ರೈಟರು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ಮೊದಲು ಕಾಫಿ ಕುಡಿಯೋಣ ಎಂದರು. ಕುಡಿದೆವು. ಆಮೇಲೆ ಸೀರೆ ಅಂಗಡಿ ನೋಡೋಣ ಎಂದರು. ನೋಡಿದೆವು. ಊಟದ ಹೊತ್ತಾಯಿತಲ್ಲ ಎಂದಾಗ ಮಾವ ರೇಗಿ, "ಊಟ ಮಾಡಿದ ಹೊಟ್ಟೆ ಫೋಟೋದಲ್ಲಿ ಬೀಳ್ತದೆ, ನಡೀ," ಎಂದರು.

ಸ್ಟುಡಿಯೋ ಒಂದು ಜವಳಿ ಅಂಗಡಿಯ ಹಿಂದೆ ಇತ್ತು. ಫೋಟೋಗ್ರಾಫರು ತಲಚೇರಿ ಕಡೆಯ ಮಲಯಾಳಿ, ತೆಳ್ಳನೆಯ ಮನುಷ್ಯ. ಮಾವನನ್ನು ಯಜಮಾನರೆಂಬ ಗೌರವದಿಂದ ಮೊದಲಾಳಿ ಎಂದು ಕರೆದು ಒಳಗೆ ಕರೆದುಕೊಂಡು ಹೋದ. ಮೊಳೆಗೆ ಒಂದು ಕೋಟು ತೂಗುಬಿದ್ದಿತ್ತು. ಮೂಲೆಯಲ್ಲಿ ಒಂದು ಛತ್ರಿ. ಎದುರಿಗೆ, ಮಾಡಿನಿಂದ ನೆಲದವರೆಗೆ ಇಳಿಬಿಟ್ಟ ಪರದೆ. ಪರದೆಯ ಮೇಲೆ ಮದ್ರಾಸು.

ಅದೇ ಮಹಡಿ ಮನೆಗಳು, ಅದೇ ಹಳಿ, ಅದೇ ತಂತಿ, ಅವೇ ಬಾಳೆಗೊನೆಗಳು. ಬಣ್ಣದಲ್ಲಿ ನೋಡಿದರೆ ಹಸಿರು ಬಾಳೆ. ಟ್ರಾಂನ ಪಕ್ಕೆಯಲ್ಲಿ ಫೋಟೋದಲ್ಲಿ ನಾವು ಗಮನಿಸದೆ ಹೋಗಿದ್ದ ಒಂದು ರಬ್ಬರ್ ಹಾರ್ನೂ ಇತ್ತು. ಹೊರಗಿನಿಂದ ಗಾಳಿ ಬಂದಾಗ ಮದ್ರಾಸು ಉದ್ದಕ್ಕೂ ಒಮ್ಮೆ ಅಲುಗಿತು.

ಫೋಟೋಗ್ರಾಫರು ಹಗ್ಗ ಹಿಡಿದು ಪರದೆ ಸುತ್ತತೊಡಗಿದ. "ಇದು ಗಂಡಸರಿಗೆ ಮೊದಲಾಳಿ. ಹೆಣ್ಣುಮಕ್ಕಳಿಗೆ ತಾವರೆಕೊಳ ಉಂಟು, ಹಂಸ ಕೂಡ ಉಂಟು. ತೋರಿಸ್ತೇನೆ."

"ಸುತ್ಬ್ಯಾಡಿ, ಇರ್ಲಿ," ಎಂದಳು ನಾದಿನಿ.

ಅವಳು ಪರದೆಯ ಹತ್ತಿರ ಹೋದಳು. ಟ್ರಾಂನ ಹಣೆಯ ಮೇಲೆ, ನಮ್ಮ ಫೋಟೋದಲ್ಲಿ ಆ ಯುವಕನ ತಲೆ ಬಂದು ಮುಚ್ಚಿದ್ದ ಜಾಗದಲ್ಲಿ, ಒಂದು ಬೋರ್ಡು ಬರೆದಿತ್ತು. ಅಚ್ಚುಕಟ್ಟಾದ ಕನ್ನಡ. ಅವಳು ಶಾಲೆಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದಳು:

"ವಿರಾಜಪೇಟೆ, ತಲಚೇರಿ. ಮಾಕುಟ್ಟ ಮಾರ್ಗ."

ಮಾಕುಟ್ಟ ಎಂದರೆ ಈಗಿನ ಕೇರಳಕ್ಕೆ ಇಳಿಯುವ ಘಾಟಿಯ ಕಾಡು. ಆನೆ ಓಡಾಡುವ ಜಾಗ. ಅಲ್ಲಿ ಟ್ರಾಂ ಓಡುವುದಾದರೆ ಅದರ ನೆತ್ತಿಯ ಮೇಲೆ ಬಾಳೆಗೊನೆ ಇಡುವುದು ಎಷ್ಟು ಅಪಾಯ ಎಂದು ಆ ಹೊತ್ತಿನಲ್ಲೂ ನನಗೆ ಯೋಚನೆ ಬಂತು.

ಫೋಟೋಗ್ರಾಫರಿಗೆ ನಾಚಿಕೆಯಾಯಿತು. ಗೋಡೆಗೆ ಅಂಟಿಸಿದ್ದ ಒಂದು ಪೋಸ್ಟ್‌ಕಾರ್ಡು ತೋರಿಸಿದ. ಅದರಲ್ಲಿ ನಿಜವಾದ ಮದ್ರಾಸಿನ ಬೀದಿಯ ಹಳೆಯ ಚಿತ್ರ, ನಿಜವಾದ ಟ್ರಾಂ, ಟೋಪಿ ಹಾಕಿದ ಜನ. "ಇದನ್ನು ನೋಡಿ ಬರಿ ಅಂತ ಪೈಂಟರಿಗೆ ಕೊಟ್ಟೆ. ಅವ ವರ್ಷಪೂರ್ತಿ ಬಸ್ಸಿಗೆ ಬೋರ್ಡ್ ಬರೆಯುವವ. ಖಾಲಿ ಬೋರ್ಡ್ ಕಂಡರೆ ಅವನ ಕೈ ಸುಮ್ಮನೆ ಇರ್ತದಾ? ಹಾರ್ನ್ ಇಟ್ಟ. ಮೇಲೆ ಲಗೇಜ್ ಇಟ್ಟ. ಲಗೇಜ್ ಇಲ್ಲದ ಗಾಡಿ ಎಂಥ ಗಾಡಿ ಅಂತ ನನ್ನನ್ನೇ ಕೇಳಿದ. ಅದಕ್ಕೇ ನಾನು ಎಲ್ಲರನ್ನೂ ಕೊರಚ್ಚು ಎಡಕ್ಕೆ, ಕೊರಚ್ಚು ಎಡಕ್ಕೆ ಅಂತ ನಿಲ್ಲಿಸೋದು. ತಲೆಯಿಂದ ಬೋರ್ಡ್ ಮುಚ್ಚಬೇಕು." ಕೊರಚ್ಚು ಎಂದರೆ ಸ್ವಲ್ಪ. ಆ ಸ್ವಲ್ಪದಲ್ಲಿ ಕೊಡಗಿನ ಎಷ್ಟು ಗಂಡುಗಳು ಮದ್ರಾಸಿಗೆ ಹೋಗಿ ಬಂದಿದ್ದರೋ.

ಮಾವ ಮೊಳೆಗೆ ತೂಗಿದ್ದ ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಅದೇ ಕೋಟು. ಬಿಟ್ಟರು.

"ರೈಟ್ರೇ," ಎಂದರು.

"ನಾನು ಅವತ್ತೇ ಗಾಡಿ ಲೈನು ಅಂದೆ ಅಣ್ಣ," ಎಂದರು ರೈಟರು ಬಾಗಿಲ ಕಡೆ ಸರಿಯುತ್ತ. "ತಲಚೇರಿ ಬಸ್ ಲೈನು. ಹುಡುಗ ಕಂಡಕ್ಟ್ರು. ಘಾಟಿ ಇಳ್ದು ಹೋಗ್ಬೇಕು ಅಂದೆ, ಇಳೀಬೇಕಲ್ವಾ? ಸಮುದ್ರ ಐತೆ ಅಂದೆ, ಐತಲ್ವಾ?"

"ಕಂಡಕ್ಟ್ರು!" ಎಂದರು ಮಾವ. ಆ ಪದದಲ್ಲಿ ಇಡೀ ಫ್ರೇಸರ್‌ಪೇಟೆಯ ಹೋಟೆಲು ಬೆಂಚು ಕುಸಿದು ಬಿತ್ತು. "ನಡೀರಿ. ಫೋಟೋ ಬ್ಯಾಡ, ಗಂಡೂ ಬ್ಯಾಡ. ಬಟ್ಟೆ ಟ್ರಾಂ ಮುಂದೆ ನಿಂತು ಮದ್ರಾಸು ಅಂತ ಮೋಸ ಮಾಡೋನು!"

"ಅವ್ರು ಎಲ್ಲೂ ಮದ್ರಾಸು ಅಂದಿಲ್ವಲ್ಲ ಅಪ್ಪಯ್ಯ," ಎಂದಳು ನಾದಿನಿ ಮೆತ್ತಗೆ. ಮಾವ ಕೇಳಿಸಿಕೊಳ್ಳಲಿಲ್ಲ. ಮದ್ರಾಸು ಎಂದಿದ್ದವರು ಯಾರು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಕೇಳಿಸಿಕೊಳ್ಳದಿರಲು ಅದೇ ಕಾರಣ.

ಬಸ್ ಸ್ಟ್ಯಾಂಡಿಗೆ ಬಂದಾಗ ತಲಚೇರಿಯ ಬಸ್ಸು ಹೊರಡಲು ನಿಂತಿತ್ತು. ನೆತ್ತಿಯ ಮೇಲೆ ಬಾಳೆಗೊನೆ, ಪಕ್ಕದಲ್ಲಿ ಹಾರ್ನು, ಹಣೆಯ ಮೇಲೆ ಅದೇ ಕೈಯ ಅದೇ ಅಕ್ಷರ. ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು, "ಮಾಕುಟ್ಟ, ಇರಿಟ್ಟಿ, ತಲಚೇರಿ" ಎಂದು ಕೂಗುತ್ತಿದ್ದವನು ಫೋಟೋದವನೇ. ಕೋಟು ಇರಲಿಲ್ಲ. ನಗು ತಡೆದುಕೊಂಡಿರಲಿಲ್ಲ.

ರೈಟರು ತೋರಿಸಬಾರದಿತ್ತು, ತೋರಿಸಿದರು. ಮಾವ ತಮ್ಮ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ ನೇರ ಅವನ ಮುಂದೆ ಹೋಗಿ ನಿಂತರು. ಅವನಿಗೆ ಇವರು ಯಾರೆಂದು ಗೊತ್ತಿಲ್ಲ.

"ಹತ್ತಿ ಯಜಮಾನ್ರೇ, ಮುಂದೆ ಸೀಟು ಐತೆ. ಎಲ್ಲಿಗೆ?"

"ಮದ್ರಾಸಿಗೆ!" ಎಂದರು ಮಾವ, ಹಲ್ಲು ಕಚ್ಚಿಕೊಂಡು.

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಲ್ಲಿಗಂಟ ನಮ್ ಗಾಡಿ ಹೋಗಲ್ಲ ಯಜಮಾನ್ರೇ. ತಲಚೇರಿಗೆ ಬುಡ್ತೀನಿ, ಅಲ್ಲಿಂದ ರೈಲು ಐತೆ. ಛತ್ರಿ ಜೋಪಾನ, ಬಾಗ್ಲಿಗೆ ಸಿಕ್ಕಂಡಾತು."

ನನ್ನ ಪಕ್ಕದಲ್ಲಿ ನಾದಿನಿ ನಕ್ಕುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡರೂ ಹೊರಗೆ ಬಂತು. ಅವನು ತಿರುಗಿ ನೋಡಿದ. ಡ್ರೈವರು ಹಾರ್ನು ಒತ್ತಿದ, ಬಸ್ಸು ಹೊರಟಿತು. ಮೆಟ್ಟಿಲ ಮೇಲೆ ನಿಂತವನು ತಿರುವು ಬರುವ ತನಕ ಹಿಂದಕ್ಕೇ ನೋಡುತ್ತ ಹೋದ.

ಮನೆಯಲ್ಲಿ ಅಜ್ಜಿ ಹೊಸಲಿನಲ್ಲೇ ಕಾದಿದ್ದಳು. "ಎಲ್ಲಿ, ಫೋಟೋ?"

"ಟ್ರಾಂ ಬಟ್ಟೇದು ಕಣವ್ವ!" ಎಂದರು ಮಾವ. "ಬಟ್ಟೆ ಮೇಲೆ ಬರ್ದಿರೋದು. ಊರು, ಬೀದಿ, ತಂತಿ ಎಲ್ಲಾ ಬಟ್ಟೆ."

ಅಜ್ಜಿ ಸ್ವಲ್ಪ ಯೋಚಿಸಿದಳು.

"ಗಂಡು?" ಎಂದಳು. "ಗಂಡೂ ಬಟ್ಟೇದಾ?"

"ಗಂಡು... ಅಲ್ಲ."

"ಮತ್ತಿನ್ನೇನ್ಲಾ ನಿಂದು?"

ಮಾವನದು ಏನು ಎಂದು ಎಲ್ಲರಿಗೂ ಗೊತ್ತಿತ್ತು. ಕಂಡಕ್ಟರ್ ಕೆಲಸಕ್ಕೆ ಏನೂ ಕೊರತೆಯಿರಲಿಲ್ಲ. ನಮ್ಮೂರಿಗೆ ಬರುವ ಬಸ್ಸಿನ ಕಂಡಕ್ಟರಿಗೆ ಇದೇ ಮಾವ ಮಜ್ಜಿಗೆ ಕೊಡಿಸಿ, ತಮಗಾಗಿ ಸೀಟು ಹಿಡಿಸುತ್ತಿದ್ದರು. ಆದರೆ ಊರಿಗೆಲ್ಲ ಟ್ರಾಂ ಎಂದು ಸಾರಿಯಾಗಿತ್ತು. ಟ್ರಾಂ ಎಂದವರ ಮನೆ ಬಾಗಿಲಿಗೆ ಬಸ್ಸು ಬಂದು ನಿಲ್ಲುವುದು ಹೇಗೆ? ಮಗಳನ್ನು ಸೋದರತ್ತೆಯ ಮಗನಿಗೆ ಕೊಟ್ಟು, "ಮದ್ರಾಸು ಬಲು ದೂರ ಆಯ್ತು, ನಾವೇ ಬ್ಯಾಡ ಅಂದ್ವಿ," ಎಂದುಬಿಟ್ಟರೆ ಟ್ರಾಂ ಹಾಗೇ ಉಳಿಯುತ್ತದೆ. ಆ ಮಾತನ್ನು ಹೊಳೆಯ ಆಚೆಗೆ ಹೇಳಿಯೂ ಕಳಿಸಿದರು. ತನ್ನ ಮಾತು ಉಳಿಯಲೆಂದು ಮಗಳನ್ನು ಒಂದೇ ತಮಾಷೆಯ ಮನುಷ್ಯನಿಗೆ ಕೊಡಲು ಸಿದ್ಧವಾದ ಆ ತಂದೆ ಕೆಟ್ಟವರೇನಲ್ಲ. ಊಟದ ಹೊತ್ತಿಗೆ ಮಗಳು ಬರದಿದ್ದರೆ ತಾವೂ ಕೂರುತ್ತಿರಲಿಲ್ಲ. ಆದರೆ ಮರ್ಯಾದೆ ಎಂಬುದು ಅವರಿಗೆ ಹಳಿಯ ಹಾಗೆ. ಒಮ್ಮೆ ಹತ್ತಿದರೆ ಪಕ್ಕಕ್ಕೆ ತಿರುಗಿಸಲು ಬರುತ್ತಿರಲಿಲ್ಲ.

ನಾದಿನಿ ಅಳಲಿಲ್ಲ, ಊಟ ಬಿಡಲಿಲ್ಲ. "ಅವ್ರಲ್ದೆ ಬೇರೆಯವ್ರ ಮುಂದೆ ನಾನು ಕಾಫಿ ಲೋಟ ಹಿಡ್ಕಂಡು ಬರಾಕಿಲ್ಲ," ಎಂದು ಒಂದೇ ಸಲ ಹೇಳಿದಳು. ಸೋದರತ್ತೆಯ ಮಗ ಬಂದಾಗ ಕಾಫಿಯನ್ನು ಅಜ್ಜಿ ತಂದುಕೊಟ್ಟಳು. ಅವನು ತನ್ನ ತಮಾಷೆ ಹೇಳಿದ. ಅಜ್ಜಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಆದರೂ ಅವತ್ತು "ಏನಂದೆ?" ಎಂದು ಮತ್ತೆ ಮತ್ತೆ ಕೇಳಿ ಅದೇ ತಮಾಷೆಯನ್ನು ಅವನಿಂದ ಹೇಳಿಸಿದಳು. ಕೊನೆಗೆ ಅವನಿಗೇ ನಗು ಬರಲಿಲ್ಲ. ಹೊಳೆ ದಾಟಿ ಹೋದವನು ಮತ್ತೆ ಈಚೆ ಬರಲಿಲ್ಲ.

ಆದರೂ ಮಾವ ಜಗ್ಗಲಿಲ್ಲ. ಬೇಸಿಗೆ ಏರಿತು. ಗಂಡಿನ ಕಡೆಯವರಿಗೆ ಬೇರೆ ಸಂಬಂಧ ಬಂದಿದೆಯಂತೆ, ಹೆಚ್ಚು ದಿನ ಕಾಯುವುದಿಲ್ಲವಂತೆ ಎಂದು ರೈಟರಿಂದ ಸುದ್ದಿ ಬಂತು. ಆ ದಿನ ಮೊದಲ ಸಲ ನಾದಿನಿ ರಾಗಿಯನ್ನು ಕಲ್ಲು ಆರಿಸದೆ ಹಾಗೇ ಬೀಸಿದಳು. ಅವಳ ಪಕ್ಕದಲ್ಲಿ ಕೂತಿದ್ದ ನಾನು ಬೇರೆ ಎಲ್ಲಿಗೋ ನೋಡಿದೆ.

ಹೀಗಿರುವಾಗ ಒಂದು ಸಂತೆಯ ಸಂಜೆ ಮಾವ ಫ್ರೇಸರ್‌ಪೇಟೆಯಿಂದ ಓಡುನಡಿಗೆಯಲ್ಲಿ ಬಂದರು. ಕೈಯಲ್ಲಿ ಹೋಟೆಲಿನ ಪತ್ರಿಕೆ. ಮುಖದಲ್ಲಿ ದೊಡ್ಡ ದುಃಖ, ಆ ದುಃಖದ ಅಂಚಿನಲ್ಲಿ ತಡೆದುಕೊಳ್ಳಲಾಗದ ಖುಷಿ.

"ನಿಂತೋಯ್ತು ಕಣವ್ವ!" ಎಂದರು ಹೊಸಲಿನಿಂದಲೇ. "ಮದ್ರಾಸಿನ ಟ್ರಾಂ ನಿಂತೋಯ್ತು! ಇನ್ನು ಓಡಾಕಿಲ್ವಂತೆ!"

ನಿಜ. ಪತ್ರಿಕೆಯಲ್ಲಿ ಬಂದಿತ್ತು. ಜೊತೆಗೊಂದು ಚಿತ್ರ: ಬೀದಿ, ಹಳಿ, ತಂತಿಯ ಕೆಳಗೆ ಸುಮ್ಮನೆ ನಿಂತ ಟ್ರಾಂ.

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಬಾಳೆಗೊನೆ ಎಲ್ಲೋ?"

"ಗಾಡೀನೇ ನಿಂತ ಮೇಲೆ ಬಾಳೆಗೊನೆ ಎಲ್ಲಿಂದ ಬತ್ತದವ್ವ?" ಎಂದರು ಮಾವ. "ಪಾಪ, ಹುಡುಗನ್ನ ಏನ್ ಮಾಡಾದು? ಟ್ರಾಂ ನಿಂತಿದ್ಕೆ ಅವ್ನು ಊರಿಗೆ ಬಂದು ಬಸ್ ಲೈನ್ ಸೇರವ್ನೆ. ಕಷ್ಟದಲ್ಲಿರೋನ್ನ ಕೈ ಬುಡೋದು ನಮ್ ಮನೆ ಸಂಪ್ರದಾಯ ಅಲ್ಲ."

ಇದನ್ನು ಅವರು ಮಾರನೆಯ ದಿನವೇ ಊರಿಗೆಲ್ಲ ಹೇಳಿದರು. ಊರು ನಂಬಿತೋ ಇಲ್ಲವೋ, ತಲೆಯಾಡಿಸಿತು. ಊರಿಗೆ ತಲೆಯಾಡಿಸುವುದು ಕಷ್ಟವಲ್ಲ. ಅವರವರ ಜೇಬಿನಲ್ಲೂ ಇಂಥದ್ದೊಂದು ಫೋಟೋ ಇರುತ್ತದೆ. ಟ್ರಾಂ ನಿಂತದ್ದರಿಂದ ಮದ್ರಾಸಿನಲ್ಲಿ ಎಷ್ಟು ಮನೆಯ ಒಲೆ ಆರಿತೋ ನಮಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅವತ್ತು ಪಾಯಸವಾಯಿತು. ಎರಡು ಸಲ ಬಡಿಸಿಕೊಂಡವರಲ್ಲಿ ನಾನೂ ಇದ್ದೆ.

ಮಾವ ಅವತ್ತೇ ರೈಟರಿಗೆ ಹೇಳಿ ಕಳಿಸಿದರು. ಮಳೆ ಹಿಡಿಯುವ ಮೊದಲೇ ಮದುವೆಯಾಯಿತು. ನಮ್ಮನೆಯವರು ಗದ್ದೆಯಿಂದ ಬಂದು ಧಾರೆಯ ಹೊತ್ತಿಗೆ ಸರಿಯಾಗಿ ನಿಂತರು.

ಮದುವೆಯ ಮೇಲೆ ಗಂಡ ಹೆಂಡಿರನ್ನು ಅದೇ ಸ್ಟುಡಿಯೋಗೆ ಕರೆದುಕೊಂಡು ಹೋದೆವು. ತಾವರೆಕೊಳ ಬೇಡವೆಂದು ನಾದಿನಿ ಟ್ರಾಂ ಮುಂದೆಯೇ ನಿಂತಳು. ಫೋಟೋಗ್ರಾಫರು ಕಪ್ಪು ಬಟ್ಟೆಯೊಳಗಿಂದ, "ಇಬ್ಬರೂ ಕೊರಚ್ಚು ಎಡಕ್ಕೆ, ಕೊರಚ್ಚು ಎಡಕ್ಕೆ" ಎಂದು ಬೇಡಿಕೊಂಡ. ಅವಳು ಗಂಡನ ತೋಳು ಹಿಡಿದು ಬಲಕ್ಕೆ ಸರಿದಳು. ಫೋಟೋದಲ್ಲಿ ಬೋರ್ಡು ಒಂದಕ್ಷರ ಬಿಡದೆ ಬಂತು. ಇಬ್ಬರೂ ನಕ್ಕಿದ್ದರಿಂದ ಮುಖಗಳು ಮಾತ್ರ ಸ್ವಲ್ಪ ಅಲುಗಿದ್ದವು.

ಮಾವ ಅದನ್ನು ಫ್ರೇಸರ್‌ಪೇಟೆಯಲ್ಲಿ ಕಟ್ಟು ಹಾಕಿಸಲು ಕೊಂಡುಹೋದರು. ವಾಪಸು ಬಂದಾಗ ಫೋಟೋದ ಎಡಭಾಗ ಇರಲಿಲ್ಲ. ಬೋರ್ಡಿನ ಜೊತೆಗೆ ಟ್ರಾಂನ ಮೂತಿ ಹೋಗಿತ್ತು, ಅಳಿಯನ ಒಂದು ಕೈ ಮೊಣಕೈ ತನಕ ಹೋಗಿತ್ತು. ಅದನ್ನು ಪಡಸಾಲೆಯಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದರು.

ಗೌರಿ ಹಬ್ಬಕ್ಕೆ ಬಂದ ಅಳಿಯ ಬಹಳ ಹೊತ್ತು ಅದರ ಮುಂದೆ ನಿಂತ.

"ಮಾವ, ಇದ್ರಲ್ಲಿ ನನ್ ಕೈ ಎಲ್ಲೋಯ್ತು?"

"ಲೈನ್‌ನಲ್ಲೈತೆ," ಎಂದರು ಮಾವ. "ಊಟಕ್ಕೆ ಏಳಿ."

ಮಳೆ ನಿಂತು ಘಾಟಿಯ ದಾರಿ ಒಣಗಿದ ಮೇಲೆ ನಾದಿನಿ ಒಂದು ದಿನ ಗಂಡನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಮಾಕುಟ್ಟದ ಮೇಲೆ ತಲಚೇರಿಗೆ ಹೋದಳು. ಸ್ಟೇಷನ್ನಿನಲ್ಲಿ ಇಬ್ಬರೂ ನಿಂತು ರೈಲು ನೋಡಿದರು. ಅದು ಬಂತು, ಜನ ಹತ್ತಿದರು, ಹೋಯಿತು. ಅಜ್ಜಿಗೆಂದು ಒಂದು ಪೊಟ್ಟಣ ಹಲ್ವ ತೆಗೆದುಕೊಂಡು, ಅವಳು ಅದೇ ಬಸ್ಸಿನಲ್ಲಿ ವಾಪಸು ಬಂದಳು.